ಯಾಕಮ್ಮನ ಅನುಮಾನ

ನಮ್ಮ ಅತ್ತೆಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಬೀದಿಯಲ್ಲಿ ಯಾರನ್ನು ಕೇಳಿದರೂ ಯಾಕಮ್ಮ ಎಂದೇ ಹೇಳುತ್ತಾರೆ. ಎದುರಿಗಿದ್ದವರು ಏನು ಹೇಳಿದರೂ "ಯಾಕೆ?" ಎಂದು ಕೇಳದೆ ಬಿಡುವ ಜೀವ ಅದಲ್ಲ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಬಟ್ಟೆ ನೆರಳಿಗೆ ಹಾಕಿದ್ದು ಯಾಕೆ, ಹಾಲಿನ ಪಾತ್ರೆಯಲ್ಲಿ ಸೌಟು ಬಿಟ್ಟಿದ್ದು ಯಾಕೆ, ಎಡಗೈಯಲ್ಲಿ ಕತ್ತರಿ ಹಿಡಿಯುವುದು ಯಾಕೆ ಎಂದು ಬೆನ್ನು ಹತ್ತುತ್ತಿದ್ದರು. ತಪ್ಪು ಹುಡುಕುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಆಮೇಲೆ ಗೊತ್ತಾಯಿತು, ಅವರಿಗೆ ನಿಜಕ್ಕೂ ತಿಳಿದುಕೊಳ್ಳಬೇಕಿತ್ತು. ಉತ್ತರ ಮನಸ್ಸಿಗೆ ಒಪ್ಪಿದರೆ ಮರುದಿನದಿಂದ ತಾವೂ ಹಾಗೇ ಮಾಡುತ್ತಿದ್ದರು. ಒಪ್ಪದಿದ್ದರೆ ಮಾತ್ರ ದೇವರೇ ಗತಿ.

ಮನೆಯ ಮುಂದಿನ ಕೋಣೆಯೇ ನಮ್ಮ ಹೊಲಿಗೆ ಅಂಗಡಿ. ಕಿಟಕಿಯ ಪಕ್ಕ ಅತ್ತೆಯ ಮಷೀನು, ಬಾಗಿಲ ಪಕ್ಕ ನನ್ನದು. ಬೇರೆಯವರು ತೆಗೆದ ಅಳತೆಯನ್ನು ಅತ್ತೆ ಎಂದೂ ನಂಬಿದವರಲ್ಲ. "ಅಕ್ಕಾ, ಹಳೇ ಅಳತೆನೇ ಇದೆಯಲ್ಲ" ಎಂದರೆ, "ಅಳತೆ ಹಳೇದೇ ಇರಬಹುದು, ನಿನ್ನ ಸೊಂಟ ಹಳೇದಾ?" ಎಂದು ಪಟ್ಟಿ ಹಿಡಿದು ಎದ್ದೇಬಿಡುತ್ತಿದ್ದರು. ಬಂದವರು ಬೈದುಕೊಳ್ಳುತ್ತಿದ್ದರು. ಬಟ್ಟೆ ಮೈಗೆ ಕೂತ ಮೇಲೆ ಸುಮ್ಮನಾಗುತ್ತಿದ್ದರು.

ಇಂಥವರು ಸರ್ಕಾರಿ ನೀರನ್ನು ಮಾತ್ರ ಒಂದು ಹನಿಯೂ ಬಾಯಿಗೆ ಹಾಕುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಅವರ ತಂಗಿ ಬಸುರಿಯಾಗಿ ಬಾಣಂತನಕ್ಕೆಂದು ಇದೇ ಮನೆಯಲ್ಲಿದ್ದಳಂತೆ. ಆಗ ನಲ್ಲಿಯಲ್ಲಿ ಕಂದು ಬಣ್ಣದ ನೀರು ಬರತೊಡಗಿತು. ಬೀದಿಯವರೆಲ್ಲ ಹೋಗಿ ಗಲಾಟೆ ಮಾಡಿದ ಮೇಲೆ ನೀರಿನ ಕಚೇರಿಯಿಂದ ದೊಡ್ಡ ಇಂಜಿನಿಯರೊಬ್ಬರು ಬಂದರು. ಲೋಟವನ್ನು ಬೆಳಕಿಗೆ ಹಿಡಿದು, "ತುಕ್ಕು ಅಷ್ಟೇ, ನೀರು ಸರಿಯಾಗಿದೆ" ಎಂದರು. "ಹಾಗಾದ್ರೆ ನೀವು ಒಂದು ಗುಟುಕು ಕುಡೀರಿ" ಎಂದು ಅತ್ತೆ ಲೋಟ ಮುಂದೆ ಹಿಡಿದರಂತೆ. ಅವರು ಕೈಗಡಿಯಾರ ನೋಡಿಕೊಂಡು ಜೀಪು ಹತ್ತಿದರು. ಆ ಬೇಸಿಗೆಯಲ್ಲಿ ಕಾಮಾಲೆ ಬೀದಿಯ ಉದ್ದಕ್ಕೂ ಮನೆಮನೆಯ ಬಾಗಿಲು ತಟ್ಟಿತು. ಬಹಳ ಜನ ಮಲಗಿ ಎದ್ದರು. ಅತ್ತೆಯ ತಂಗಿ ಏಳಲಿಲ್ಲ, ಹೊಟ್ಟೆಯಲ್ಲಿದ್ದ ಮಗುವೂ ಉಳಿಯಲಿಲ್ಲ.

ಅಂದಿನಿಂದ ಅತ್ತೆಗೆ ಓದಿದವರ ಮಾತೆಂದರೆ ಮೈಯೆಲ್ಲ ಮುಳ್ಳು. ನಮ್ಮ ಮನೆಗೆ ಕುಡಿಯುವ ನೀರು ಬೀದಿಯ ಮೂಲೆಯ ಸಿಹಿನೀರಿನ ಬಾವಿಯಿಂದಲೇ ಬರುತ್ತಿತ್ತು. ಕನ್ನಡಿಯಂಥ ನೀರು, ಬಾಯಿಗೆ ತಂಪು. ನನ್ನ ಮಗಳಿಗೆ ಆಗಾಗ ಹೊಟ್ಟೆ ಕೆಡುತ್ತಿತ್ತು. ಅದಕ್ಕೆ ಶಾಲೆಯ ಹೊರಗೆ ಮಾರುವ ತಿಂಡಿಯನ್ನು ನಾವೆಲ್ಲ ಬಾಯ್ತುಂಬ ಬೈಯುತ್ತಿದ್ದೆವು.

ಹೀಗಿರುವಾಗ ನೀರಿನ ಕಚೇರಿಗೆ ಹೊಸ ಮೇಡಂ ಬಂದರು. ನೀರು ಪರೀಕ್ಷೆ ಮಾಡುವುದೇ ಅವರ ಕೆಲಸ, ಅದಕ್ಕೆಂದೇ ಓದಿದವರು. ಅವರು ಬಂದ ಕೆಲವೇ ವಾರಗಳಲ್ಲಿ ನಲ್ಲಿ ನೀರು ಆಸ್ಪತ್ರೆಯ ನೆಲದ ಹಾಗೆ ನಾರತೊಡಗಿತು. ಕ್ಲೋರಿನ್ ಹಾಕುತ್ತಿದ್ದಾರಂತೆ ಎಂಬ ಸುದ್ದಿ ಬಂತು. ಊರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಕಚೇರಿಯ ಗೋಡೆಗೆ ಒಂದು ನೋಟಿಸು ಅಂಟಿಸಿದ್ದರಂತೆ, ಅದನ್ನು ಯಾರು ಓದಿದರೋ ಆ ಗೋಡೆಗೇ ಗೊತ್ತು.

ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದವನು ವಿಡಿಯೋ ಭಾವ. ಮೊಬೈಲ್ ರಿಪೇರಿ ಅಂಗಡಿಯವನು. ವರಸೆಯಲ್ಲಿ ಯಾರಿಗೂ ಭಾವನಲ್ಲ, ಆದರೂ ಎಲ್ಲರಿಗೂ ಭಾವ. ಫೋನು ರಿಪೇರಿಗೆ ಕೊಟ್ಟವರಿಗೆ ಸ್ಟೂಲು ಕೊಟ್ಟು ಕೂರಿಸಿ ಒಂದು ವಿಡಿಯೋ ತೋರಿಸದೆ ಕಳಿಸುವವನಲ್ಲ. ಆ ನೀರು ಕುಡಿದರೆ ತಲೆ ಬೋಳಾಗುತ್ತದೆ, ಹೆಂಗಸರಿಗೆ ಬಸಿರು ನಿಲ್ಲುವುದಿಲ್ಲ, ಜನಸಂಖ್ಯೆ ಇಳಿಸಲು ದೊಡ್ಡವರು ಹೂಡಿದ ಆಟ ಇದು ಎಂದು ಕೋಟು ಹಾಕಿದ ಒಬ್ಬ ಮನುಷ್ಯ ಅದರಲ್ಲಿ ಅಳುವ ದನಿಯಲ್ಲಿ ಹೇಳುತ್ತಿದ್ದ. ಅತ್ತೆ ಅದನ್ನೂ ಪೂರ್ತಿ ನೋಡಿ, "ಇವನ್ಯಾಕೆ ಅಳ್ತಾನೆ?" ಎಂದು ಕೇಳಿದರು. ಆದರೆ ಬಸಿರು ಎಂಬ ಮಾತು ಕಿವಿಗೆ ಬಿದ್ದಾಗ ಅವರ ಮುಖ ಕಪ್ಪಿಟ್ಟಿದ್ದನ್ನು ನಾನು ಕಂಡೆ.

ನಗರಸಭೆಯ ಚುನಾವಣೆ ಹತ್ತಿರವಿತ್ತು. "ಔಷಧಿ ನೀರು ಬೇಡ" ಎಂಬ ಒಂದೇ ಮಾತಿನ ಮೇಲೆ ಒಂದು ಗುಂಪು ಕಟ್ಟಿಕೊಂಡಿತು. ನಮ್ಮ ವಾರ್ಡಿಗೆ ಅತ್ತೆಯೇ ನಿಲ್ಲಬೇಕು ಎಂದು ವಿಡಿಯೋ ಭಾವ ಬಂದು ಹಟ ಹಿಡಿದ. "ಅಕ್ಕಾ, ಪ್ರಶ್ನೆ ಕೇಳೋರು ಅಂದ್ರೆ ಊರಲ್ಲಿ ನೀವೊಬ್ಬರೇ." ಅತ್ತೆ ನಿಂತರು. ಭಾಷಣ ಮಾಡಲು ಬರುತ್ತಿರಲಿಲ್ಲ. ಜನರ ಮುಂದೆ ಲೋಟ ಹಿಡಿದು ಆ ಇಂಜಿನಿಯರ ಕಥೆ ಹೇಳಿದರು, ಅಷ್ಟೇ. ಕೇಳಿದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆ ಭಾರಿ ಅಂತರದಲ್ಲಿ ಗೆದ್ದರು, ಗುಂಪಿಗೆ ಬಹುಮತವೂ ಸಿಕ್ಕಿತು. ಮೊದಲ ಸಭೆಯಲ್ಲೇ ಕ್ಲೋರಿನ್ ನಿಲ್ಲಿಸುವ ಠರಾವು ಎಂದು ನಿಶ್ಚಯವಾಯಿತು.

ಸಭೆಗೆ ಮೊದಲು ನೀರಿನ ಮೇಡಂ ಎಲ್ಲ ಸದಸ್ಯರಿಗೂ ಫೋನು ಮಾಡಿ, "ನಿಲ್ಲಿಸೋದು ಬಿಡೋದು ನಿಮ್ಮ ಕೈಲಿದೆ. ಒಂದು ಸಲ ಬಂದು ನೋಡಿ ನಿಲ್ಲಿಸಿ" ಎಂದರು. ಬೇರೆ ಯಾರೂ ಹೋಗಲಿಲ್ಲ. ಅತ್ತೆ, "ಕಳ್ಳಾಟ ಹಿಡಿಯೋಕೆ ಇದಕ್ಕಿಂತ ಒಳ್ಳೇ ಸಮಯ ಸಿಗಲ್ಲ, ನಡಿಯೇ" ಎಂದು ನನ್ನನ್ನೂ ಹೊರಡಿಸಿದರು.

ಹೊರಡುವ ಮೊದಲು ಅವರು ಮಾಡಿಕೊಂಡ ತಯಾರಿ ನೋಡಬೇಕಿತ್ತು. ಮೂರು ಬಾಟಲಿಗಳನ್ನು ಚೆನ್ನಾಗಿ ಕುದಿಸಿದರು. ಒಂದರಲ್ಲಿ ಬಾವಿಯ ನೀರು, ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಕುದಿಸಿ ಆರಿಸಿದ ನೀರು. ಒಂದೊಂದನ್ನೂ ಬಟ್ಟೆಯ ಚೀಲದಲ್ಲಿಟ್ಟು ಬಾಯನ್ನು ಕೈಹೊಲಿಗೆಯಿಂದ ಮುಚ್ಚಿದರು. ಆ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಗೇ ಹಾಕುವುದು ನನ್ನಿಂದಲೂ ಆಗದು. ಯಾವ ಚೀಲದಲ್ಲಿ ಯಾವ ನೀರು ಎಂಬುದು ಅವರಿಗೆ ಮಾತ್ರ ಗೊತ್ತಿತ್ತು, ನನಗೂ ಹೇಳಲಿಲ್ಲ. "ನಿನ್ನ ಮುಖದ ಮೇಲೆ ಎಲ್ಲಾ ಬರೆದಿರುತ್ತೆ" ಎಂದರು.

ಪರೀಕ್ಷೆಯ ಕೋಣೆ ನಮ್ಮ ಅಂಗಡಿಗಿಂತ ಸ್ವಲ್ಪ ದೊಡ್ಡದು. ಕಲ್ಲಿನ ಮೇಜು, ಗಾಜಿನ ಪಾತ್ರೆಗಳು, ಗೋಡೆ ಬದಿಗೆ ಸಣ್ಣ ಬೀರುವಿನಂಥ ಬಿಸಿ ಪೆಟ್ಟಿಗೆ. ಮೇಡಂಗೆ ನನ್ನಷ್ಟೇ ವಯಸ್ಸು. ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ ಎದ್ದುಬಂದರು.

"ಯಾವ ಬಾಟಲಿ ಎಲ್ಲಿಯದಮ್ಮಾ?"

"ಹೇಳಲ್ಲ. ಹೇಳಿದ್ರೆ ನೀವು ನಿಮಗೆ ಬೇಕಾದ ಹಾಗೆ ಹೇಳ್ತೀರಿ."

ಜಗಳ ಶುರುವಾಯಿತು ಎಂದುಕೊಂಡು ನಾನು ಬಾಗಿಲ ಕಡೆ ಸರಿದೆ. ಮೇಡಂ ಮುಖ ಅರಳಿತು. "ಹೇಳಲೇಬೇಡಿ! ನಾವೂ ಒಬ್ಬರನ್ನೊಬ್ಬರು ಹೀಗೇ ಪರೀಕ್ಷೆ ಮಾಡ್ಕೊಳ್ತೀವಿ. ನಮ್ಮ ಕಣ್ಣು ನಮಗೇ ಮೋಸ ಮಾಡುತ್ತಲ್ಲ, ಅದಕ್ಕೆ." ಹಾಗೆಂದು ಅತ್ತೆಯ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇಂಥ ಸೀಲು ನಮ್ಮ ಇಲಾಖೆಯಲ್ಲೂ ಇಲ್ಲ."

ಅತ್ತೆ ಸ್ವಲ್ಪ ಗಲಿಬಿಲಿಗೊಂಡರು. ಬೈಸಿಕೊಳ್ಳಲು ಸಿದ್ಧವಾಗಿ ಬಂದವರಿಗೆ ಇದು ಹೊಸದು.

ಮೇಡಂ ನೀರನ್ನು ತೆಳುವಾದ ಬಿಳಿ ಜಾಲರಿಯಲ್ಲಿ ಸೋಸಿ, ಆ ಜಾಲರಿಗಳನ್ನು ಚಪ್ಪಟೆ ಗಾಜಿನ ತಟ್ಟೆಗಳಲ್ಲಿ ಅಂಟುಪಾಕದ ಮೇಲೆ ಇಟ್ಟರು. "ಇದು ಕ್ರಿಮಿಗಳಿಗೆ ಊಟ. ನೀರಲ್ಲಿ ಅವು ಇದ್ರೆ ನಾಳೆ ಹೊತ್ತಿಗೆ ಬೆಳೆದು ಕಣ್ಣಿಗೆ ಕಾಣ್ತವೆ. ಇಲ್ಲದಿದ್ರೆ ತಟ್ಟೆ ಖಾಲಿ." ಒಂದೊಂದು ಹೆಜ್ಜೆಗೂ ಅತ್ತೆ ಯಾಕೆ ಎಂದರು, ಒಂದೊಂದಕ್ಕೂ ಮೇಡಂ ಉತ್ತರಿಸಿದರು. ಎರಡು ಕಡೆ, "ಅದು ನನಗೂ ಸರಿಯಾಗಿ ಗೊತ್ತಿಲ್ಲ" ಎಂದರು. ತಟ್ಟೆಗಳು ಬಿಸಿ ಪೆಟ್ಟಿಗೆಯ ಒಳಗೆ ಹೋದ ಮೇಲೆ ಅತ್ತೆ ಅದರ ಹಿಡಿಗೆ ಬಟ್ಟೆಪಟ್ಟಿ ಸುತ್ತಿ ಅಲ್ಲಿಯೂ ಹೊಲಿಗೆ ಹಾಕಿದರು. ದಾರಿಯಲ್ಲಿ ಬರುವಾಗ, "ಗೊತ್ತಿಲ್ಲ ಅಂದಳಲ್ಲೇ!" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಓದಿದವರ ಬಾಯಿಂದ ಆ ಮಾತನ್ನು ಅವರು ಅದೇ ಮೊದಲು ಕೇಳಿದ್ದು.

ಮರುದಿನ ಹೋಗಿ ತಾವೇ ಹೊಲಿಗೆ ಬಿಚ್ಚಿದರು. ಎರಡು ತಟ್ಟೆಗಳು ಹೊಸ ಬಟ್ಟೆಯಂತೆ ಸ್ವಚ್ಛವಾಗಿದ್ದವು. ಮೂರನೆಯದರ ಮೇಲೆ ನೀಲಿ ಚುಕ್ಕೆಗಳು ಒತ್ತೊತ್ತಾಗಿ ಎದ್ದಿದ್ದವು.

"ಇದು ಎಲ್ಲಿಯ ನೀರೋ ನನಗೆ ಗೊತ್ತಿಲ್ಲಮ್ಮಾ" ಎಂದರು ಮೇಡಂ. "ಆದ್ರೆ ಇದಕ್ಕೆ ಎಲ್ಲಿಂದಲೋ ಕಕ್ಕಸಿನ ನೀರು ಸೇರ್ತಾ ಇದೆ. ಯಾರೂ ಕುಡೀಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ."

ಅತ್ತೆ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅವರ ಮುಖ ನೋಡಿಯೇ ನನಗೆ ತಿಳಿಯಿತು. ಅದು ಬಾವಿಯ ನೀರು. ಹೊಟ್ಟೆ ನೋವೆಂದು ಮಗಳು ಅತ್ತಾಗಲೆಲ್ಲ ಅತ್ತೆಯೇ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆ ತಂಪು ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದರು.

"ಈ ಒಂದೊಂದು ಚುಕ್ಕೆ ಅಂದ್ರೆ ಒಂದು ಕ್ರಿಮಿನಾ?" ಅತ್ತೆ ತಟ್ಟೆಯತ್ತ ಬೆರಳು ತೋರಿಸಿ ಕೇಳಿದರು.

"ಒಂದು ಚುಕ್ಕೆ ಅಂದ್ರೆ ಒಂದು ಊರು. ನಿನ್ನೆ ಒಂದೇ ಇತ್ತು. ಒಂದು ಎರಡಾಗಿ, ಎರಡು ನಾಲ್ಕಾಗಿ, ಈಗ ಅದರೊಳಗೆ ಲಕ್ಷ ಲಕ್ಷ ಇವೆ."

ಮೇಡಂ ಬಾವಿ ನೀರಿನ ಬಾಟಲಿಯ ತಳದಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗಿಟ್ಟು, "ನೋಡಿ" ಎಂದು ಪಕ್ಕಕ್ಕೆ ಸರಿದರು. ಅತ್ತೆ ಕನ್ನಡಕ ತೆಗೆದು ಕಣ್ಣಿಟ್ಟರು. ಕಣ್ಣಿಟ್ಟವರು ಅಲ್ಲಾಡಲಿಲ್ಲ. ನಾನು ಕರೆದೆ, ಕೇಳಿಸಲಿಲ್ಲ. ಯಾಕೆ ಎಂಬ ಮಾತೂ ಬರಲಿಲ್ಲ. ಕೊನೆಗೆ ತಲೆಯೆತ್ತಿದಾಗ ಅವರ ಬಾಯಿ ಸಣ್ಣ ಮಕ್ಕಳ ಬಾಯಿಯಂತೆ ಅರ್ಧ ತೆರೆದಿತ್ತು.

"ಓಡಾಡ್ತಾವೆ ಕಣೇ" ಎಂದರು ಪಿಸುಮಾತಿನಲ್ಲಿ. "ಬದುಕಿದಾವೆ."

ನಾನೂ ಬಗ್ಗಿ ನೋಡಿದೆ. ಬೆಳಕಿನ ಒಂದು ಬಯಲು. ಅದರಲ್ಲಿ ಚಪ್ಪಲಿಯ ಆಕಾರದ ಗಾಜಿನಂಥ ಜೀವ ಮೈ ತಿರುಗಿಸುತ್ತಾ ತೇಲಿ ಹೋಯಿತು. ಅದರ ಮೈಯಂಚಿಗೆಲ್ಲ ಕೂದಲಿಗಿಂತ ನವಿರಾದ ಎಳೆಗಳು, ಗಾಳಿಗೆ ಪೈರು ಬಾಗಿದಂತೆ ಒಂದರ ಹಿಂದೊಂದು ಬಾಗುತ್ತಿದ್ದವು. ಅಂಥದೇ ಇನ್ನೊಂದು ಎದುರಾಗಿ, ಡಿಕ್ಕಿಯಾಗಿ, ಹಿಂದೆ ಸರಿದು ದಾರಿ ಬಿಟ್ಟಿತು. ಇಷ್ಟೆಲ್ಲ ಒಂದು ಹನಿಯಲ್ಲಿ!

"ಈ ದೊಡ್ಡವು ಪಾಪದವು, ಏನೂ ಮಾಡಲ್ಲ" ಎಂದರು ಮೇಡಂ. "ಕಾಯಿಲೆ ತರೋವು ಇವಕ್ಕಿಂತ ತುಂಬಾ ಚಿಕ್ಕವು. ಅವನ್ನ ಆ ಚುಕ್ಕೆಗಳಲ್ಲೇ ನೋಡಿದ್ರಲ್ಲ."

ಅತ್ತೆ ಮತ್ತೆ ಕಣ್ಣಿಟ್ಟರು. ಮತ್ತೆ ಎದ್ದಾಗ ಅವರ ದನಿ ಗಟ್ಟಿಯಾಗಿತ್ತು. "ಇದನ್ನೆಲ್ಲ ಇಲ್ಲಿ ಬಾಗಿಲು ಹಾಕ್ಕೊಂಡು ನೀವೊಬ್ಬರೇ ನೋಡ್ತೀರಲ್ಲ, ಯಾಕೆ?"

ಮೇಡಂ ಮೆಲ್ಲಗೆ ಹೇಳಿದರು: "ತಪ್ಪಾಯ್ತು. ಇನ್ನೊಂದೂ ಹೇಳ್ಬೇಕು. ಮೊದಮೊದಲು ಕ್ಲೋರಿನ್ ಜಾಸ್ತಿ ಬಿದ್ದಿತ್ತು, ಅಷ್ಟು ವಾಸನೆ ಬರಬಾರದಿತ್ತು. ಸರಿ ಮಾಡಿದ್ವಿ, ಆದ್ರೆ ಯಾರಿಗೂ ಹೇಳಲಿಲ್ಲ."

ಅತ್ತೆ ಆ ಸಂಜೆ ಊಟ ಮಾಡಲಿಲ್ಲ. ಮೊಮ್ಮಗಳ ತಲೆ ನೇವರಿಸುತ್ತಾ ಕುಳಿತೇ ಇದ್ದರು. ನಮ್ಮವರು, "ಅಮ್ಮಾ, ಸುಮ್ನೆ ಇದ್ಬಿಡು. ಠರಾವಿಗೆ ಕೈ ಎತ್ತು, ನಾವು ಮನೇಲಿ ನೀರು ಕುದಿಸ್ಕೊಂಡು ಕುಡಿಯೋಣ" ಎಂದರು. ನನಗೂ ಅದೇ ಸರಿಯೆನಿಸಿತ್ತು. ಗೆದ್ದ ಮರುವಾರವೇ ಮಾತು ತಿರುಗಿಸಿದರೆ ಜನ ಬಿಡುತ್ತಾರೆಯೇ?

ಸಭೆಯ ದಿನ ನಗರಸಭೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆಯ ಸರದಿ ಬಂತು. ಎದ್ದು ನಿಂತು, ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದುಕೊಂಡರು.

"ಔಷಧಿ ನೀರು ನಿಲ್ಲಿಸ್ತೀನಿ ಅಂತ ಹೇಳಿ ನಿಮ್ಮ ಓಟು ತಗೊಂಡೆ. ನಾನು ತಿಳ್ಕೊಂಡಿದ್ದು ತಪ್ಪು. ನಮ್ಮ ಬಾವಿ ನೀರೇ ಕೆಟ್ಟಿದೆ. ನಾನೇ ನನ್ನ ಮೊಮ್ಮಗಳಿಗೆ ಕುಡಿಸಿದೀನಿ."

ಆಮೇಲೆ ಛಾವಣಿ ಹಾರಿಹೋಗುವಂಥ ಗದ್ದಲ. "ಮಾರ್ಕೊಂಡ್ಬಿಟ್ಳು!" "ಅವರ ಜೊತೆ ಸೇರ್ಕೊಂಡ್ಳು!" ನಮ್ಮ ಬೀದಿಯ ಹೆಂಗಸರೇ ಕೂಗುತ್ತಿದ್ದರು. ಅತ್ತೆ ಹೊಲಿದ ರವಿಕೆ ತೊಟ್ಟವಳೊಬ್ಬಳು, "ತಂಗೀನ ಮರೆತ್ಯಾ?" ಎಂದು ಕಿರುಚಿದಳು. ಅತ್ತೆ ಅವಳ ಕಡೆಗೇ ತಿರುಗಿದರು. ಕೂರಲಿಲ್ಲ.

"ಮರೆತಿಲ್ಲ. ಅವಳನ್ನ ಕೊಂದಿದ್ದು ನೋಡದೇ ಹೇಳಿದ ಮಾತು. ನಾನೂ ಇಷ್ಟು ದಿನ ನೋಡದೇ ಹೇಳ್ತಿದ್ದೆ. ನನ್ನನ್ನ ನಂಬಬೇಡಿ. ಆ ಮೇಡಂನೂ ನಂಬಬೇಡಿ. ನಿಮ್ಮ ನಿಮ್ಮ ಮನೆ ನೀರು ನೀವೇ ತುಂಬ್ಕೊಂಡು ಬನ್ನಿ, ನಿಮ್ಮ ಎದುರೇ ಪರೀಕ್ಷೆ ಆಗ್ಲಿ. ಒಂದು ತಿಂಗಳು ಠರಾವು ತಡೀರಿ. ಅಷ್ಟೇ ನಾನು ಕೇಳೋದು."

ಅಧ್ಯಕ್ಷರು ಅತ್ತಿತ್ತ ನೋಡಿದರು. ಆಗ ಹಿಂದಿನಿಂದ ವಿಡಿಯೋ ಭಾವನೇ ಎದ್ದು ಕೂಗಿದ: "ಆಗ್ಲಿ ಬಿಡಿ! ಎಲ್ಲರೆದುರೇ ಅವರ ಬಣ್ಣ ಬಯಲಾಗ್ಲಿ!" ಗೆಲ್ಲುತ್ತೇವೆಂಬ ಖಾತ್ರಿಯಿಂದಲೇ ಅವನ ಗುಂಪಿನ ಸದಸ್ಯರು ಒಂದು ತಿಂಗಳಿಗೆ ಒಪ್ಪಿದರು.

ಆ ತಿಂಗಳು ನಮ್ಮ ಅಂಗಡಿಗೆ ಹೊಲಿಸಲು ಬಂದವರು ಕಡಿಮೆ, ಉಗಿಯಲು ಬಂದವರು ಹೆಚ್ಚು. ಆದರೆ ಪರೀಕ್ಷೆಯ ಕೋಣೆಯ ಮುಂದೆ ಸಾಲು ಬೆಳೆಯಿತು. ಕ್ಷೌರಿಕ ಬಂದ, ಬೇಕರಿಯವನು ಬಂದ, ಶಾಲೆಯ ಆಯಾ ಬಂದಳು. ಬಹುತೇಕರು ಬಂದದ್ದು ಸುಳ್ಳು ಹಿಡಿಯಲೆಂದೇ. ಒಬ್ಬ ಬಾಟಲಿಯ ಬಾಯಿಗೆ ಅರಗು ಸುರಿದು ತಂದಿದ್ದ, ಇನ್ನೊಬ್ಬಳು ಬೀಗ ಹಾಕಿದ ಡಬ್ಬಿಯಲ್ಲಿಟ್ಟು ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಿದ್ದಳು. ಅನುಮಾನ ಹೊತ್ತು ಬಂದವರೆಲ್ಲ ಆ ಕೊಳವೆಯೊಳಗೆ ಕಣ್ಣಿಟ್ಟ ಮೇಲೆ ಏನೋ ಆಗಿಬಿಡುತ್ತಿತ್ತು. ಗಟ್ಟಿ ಗಂಟಲಿನವರು ಪಿಸುಮಾತಿಗೆ ಇಳಿಯುತ್ತಿದ್ದರು. ಬೇಕರಿಯವನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, "ಎಷ್ಟು ದೊಡ್ಡದಪ್ಪಾ ಈ ಲೋಕ" ಎಂದ. ಅವನು ನೋಡಿದ್ದು ಒಂದು ಹನಿ.

ಆಗಲೇ ಯಾರೂ ಎಣಿಸದ ಒಂದು ಸಂಗತಿ ಹೊರಬಿತ್ತು. ಕೆಳಗಿನ ಬೀದಿಯವರು ತಂದ ನಲ್ಲಿ ನೀರಿನಲ್ಲೂ ನೀಲಿ ಚುಕ್ಕೆ! ಮೇಡಂ ಮೊದಲು ಬಾಟಲಿ ಕೊಳಕಿರಬೇಕು ಎಂದರು. "ಯಾಕೆ?" ಎಂದರು ಅತ್ತೆ. ಮತ್ತೆ ತುಂಬಿ ತಂದರು, ಮತ್ತೆ ಚುಕ್ಕೆ. ಮೇಡಂ ಬಿಳಿಚಿಕೊಂಡು ತಾವೇ ಹೋಗಿ ರಸ್ತೆ ಅಗೆಸಿದರು. ಚರಂಡಿಯ ಪಕ್ಕದಲ್ಲೇ ನೀರಿನ ಪೈಪು ಬಿರುಕು ಬಿಟ್ಟಿತ್ತು. ಕಚೇರಿಯವರು ಯಾವಾಗಲೂ ಪರೀಕ್ಷೆಗೆ ನೀರು ತೆಗೆಯುತ್ತಿದ್ದದ್ದು ಅದಕ್ಕಿಂತ ಮೇಲಿನ ನಲ್ಲಿಯಿಂದ. ಜನರ ಅನುಮಾನ ಇಲ್ಲದಿದ್ದರೆ ಅದು ಇನ್ನೆಷ್ಟು ಕಾಲ ಹಾಗೇ ಇರುತ್ತಿತ್ತೋ. ಪೈಪು ಬದಲಾಯಿತು. ನೀರು ಸೇದದಂತೆ ಬಾವಿಯ ಬಾಯಿಗೆ ಬಲೆ ಬಿತ್ತು. ತಿಂಗಳ ಕೊನೆಗೆ ಠರಾವು ಓಟಿಗೆ ಬಂದಾಗ ಬಿದ್ದುಹೋಯಿತು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಅತ್ತೆ ಮರುದಿನವೇ ರಾಜೀನಾಮೆ ಕೊಟ್ಟು ಬಂದರು!

"ಯಾಕತ್ತೆ?" ಈ ಸಲ ಕೇಳಿದ್ದು ನಾನು.

"ಅವರು ಓಟು ಹಾಕಿದ್ದು ಆ ಮಾತಿಗೆ. ಆ ಮಾತು ನಾನು ಉಳಿಸ್ಕೊಳ್ಳಲಿಲ್ಲ. ಕುರ್ಚಿ ಮಾತ್ರ ಯಾಕೆ ಉಳಿಸ್ಕೊಳ್ಳಲಿ? ಈಗ ಇರೋ ಮಾತು ಹೇಳಿ ಮತ್ತೆ ಕೇಳ್ತೀನಿ."

ಖಾಲಿಯಾದ ಜಾಗಕ್ಕೆ ಚುನಾವಣೆ ಬಂದಾಗ ಮತ್ತೆ ನಿಂತರು. ಮತ್ತೆ ಮನೆಮನೆಗೆ ಹೋದರು. ಕೆಲವರು ಕೂರಿಸಿ ಮಾತಾಡಿಸಿದರು, ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು. ಎದುರಿಗೆ ನಿಂತವನು ವಿಡಿಯೋ ಭಾವ. ಅತ್ತೆ ಸೋತರು. ಅಂತರ ಚಿಕ್ಕದೇ, ಆದರೂ ಸೋಲು ಸೋಲೇ. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಸೂಜಿಗೆ ದಾರ ಪೋಣಿಸುತ್ತಾ, "ಕೇಳಿದೆ, ಬೇಡ ಅಂದ್ರು. ಅಳೋಕೇನಿದೆ? ಬಟನ್ನು ಹಚ್ಚು" ಎಂದರು.

ವಿಡಿಯೋ ಭಾವ ಈಗಲೂ ಕ್ಲೋರಿನನ್ನು ನಂಬುವುದಿಲ್ಲ. ಆದರೆ ಪ್ರತಿ ತಿಂಗಳೂ ಬಾಟಲಿ ಹಿಡಿದು ಸುಳ್ಳು ಹಿಡಿಯಲು ತಪ್ಪದೆ ಹೋಗುತ್ತಾನೆ. ನೀರಿನ ಮೇಡಂಗೆ ವರ್ಗವಾಗಿ, ಅವರ ಜಾಗಕ್ಕೆ ಬಂದ ಅಧಿಕಾರಿ "ಸಾರ್ವಜನಿಕರಿಗೆ ಪ್ರವೇಶವಿಲ್ಲ" ಎಂದು ಬಾಗಿಲು ಹಾಕಿಸಿದಾಗ ಮೊದಲು ಸಿಡಿದವನು ಅವನೇ. "ಇದೇನು ನಿಮ್ಮಪ್ಪನ ಮನೆಯೇನ್ರೀ? ನಮ್ಮ ನೀರು, ನಾವು ನೋಡ್ತೀವಿ!" ಎಂದು ಬಾಗಿಲಲ್ಲೇ ಕುಳಿತ. ಅವನ ಪಕ್ಕದಲ್ಲಿ ಅತ್ತೆಯೂ ಹೋಗಿ ಕುಳಿತರು. ಇಬ್ಬರೂ ಅಲ್ಲಿಯೂ ಕ್ಲೋರಿನ್ ವಿಷಯಕ್ಕೆ ಜಗಳವಾಡುತ್ತಲೇ ಇದ್ದರು. ವಾರಕ್ಕೊಂದು ದಿನ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು ನಗರಸಭೆ ಠರಾವು ಮಾಡಿತು. ಅದನ್ನು ಮಂಡಿಸಿದವನು ವಿಡಿಯೋ ಭಾವ.

ಕಳೆದ ಚಳಿಗಾಲದಲ್ಲಿ ಅತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಡಾಕ್ಟರು ಹುಡುಗಿ, ಚಿಕ್ಕ ವಯಸ್ಸು. ಹಿಂದಿನ ದಿನ ಅತ್ತೆ ಅವಳನ್ನು ಮಂಚದ ಪಕ್ಕ ಕೂರಿಸಿಕೊಂಡು ಎಲ್ಲಿ ಕೊಯ್ಯುತ್ತೀ, ಯಾಕೆ ಅಲ್ಲೇ, ರಕ್ತ ನಿಲ್ಲದಿದ್ದರೆ ಏನು ಮಾಡುತ್ತೀ ಎಂದು ಕೇಳುತ್ತಲೇ ಹೋದರು. ಹುಡುಗಿ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು.

"ನಿನ್ನ ಕೈಲಿ ಯಾವತ್ತಾದ್ರೂ ತಪ್ಪಾಗಿದೆಯಾ?"

ನಾನು ನಾಚಿಕೆಯಿಂದ ನೆಲ ನೋಡಿದೆ. ಹುಡುಗಿ ಪೆನ್ನು ಕೆಳಗಿಟ್ಟಳು. "ಒಂದ್ಸಲ ಆಗಿದೆ ಅಜ್ಜಿ. ಅವರ ಮನೆಯವರಿಗೆ ನಾನೇ ಹೇಳ್ದೆ. ಅವರು ಈಗ ಚೆನ್ನಾಗಿದಾರೆ."

ಅತ್ತೆ ಅವಳ ಮುಖವನ್ನು ನೋಡಿದರು, ಅಳತೆ ತೆಗೆಯುವಾಗ ನೋಡುವ ಹಾಗೆ. "ಸರಿ. ಹಾಗಾದ್ರೆ ನೀನೇ ಮಾಡು" ಎಂದರು.

ಬೆಳಿಗ್ಗೆ ಗಾಲಿಮಂಚದ ಮೇಲೆ ಒಳಗೆ ಕರೆದೊಯ್ಯುವಾಗ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎರಡು ಕೈಗಳನ್ನೂ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಯಾವ ಬಿಗುವೂ ಇಲ್ಲದೆ ಮಲಗಿದ್ದರು. ಜೀವಮಾನವಿಡೀ ಯಾರ ಮಾತನ್ನೂ ಸುಮ್ಮನೆ ಒಪ್ಪದವರು ತಮ್ಮ ಹೊಟ್ಟೆಯನ್ನೇ ಒಬ್ಬ ಹುಡುಗಿಯ ಕೈಗೆ ಒಪ್ಪಿಸಿದ್ದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ನನ್ನ ಜೊತೆ ಕುಳಿತಿದ್ದ ನನ್ನ ಮಗಳು, "ಅಜ್ಜಿಗೆ ಭಯ ಯಾಕೆ ಆಗಲ್ಲಮ್ಮಾ?" ಎಂದು ಕೇಳಿದಳು. "ಅದು ನನಗೂ ಸರಿಯಾಗಿ ಗೊತ್ತಿಲ್ಲ, ಎಚ್ಚರವಾದ ಮೇಲೆ ನೀನೇ ಕೇಳು" ಎಂದೆ.